ಗುರುಬಿಂಬದ ಮೇಲಣ ನೆರಳು

ನೆರಳೆಂಬುದು ಲೋಕದ ಮಾತಿನಲ್ಲಿ ಅಸತ್ಯಕ್ಕೂ ಅಸ್ಥಿರತೆಗೂ ಉಪಮಾನವಾಗಿ ಬಳಕೆಗೊಂಡಿದೆ. ಜ್ಯೋತಿಶ್ಶಾಸ್ತ್ರದಲ್ಲಾದರೋ ಅದರ ಸ್ಥಾನವೇ ಬೇರೆ. ಸಮನೆಲದಲ್ಲಿ ಶಂಕುವನ್ನು ನಿಲ್ಲಿಸಿ ಅದರ ನೆರಳನ್ನಳೆದು ದಿಕ್ಕನ್ನೂ ಹೊತ್ತನ್ನೂ ಅರಿಯುವ ಕ್ರಮವು ನಮ್ಮ ಸಿದ್ಧಾಂತಗ್ರಂಥಗಳಲ್ಲಿ ನಿರೂಪಿತವಾಗಿದೆ. ಚಂದ್ರಗ್ರಹಣದಲ್ಲಿ ಚಂದ್ರನನ್ನು ಮುಸುಕುವುದು ಭೂಮಿಯ ನೆರಳು, ಸೂರ್ಯಗ್ರಹಣದಲ್ಲಿ ಸೂರ್ಯನನ್ನು ಮರೆಮಾಡುವುದು ಚಂದ್ರ ಎಂಬುದನ್ನು ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲಿಯೇ ಪ್ರತಿಪಾದಿಸಿದನು. ಈ ಗ್ರಹಣವ್ಯಾಪಾರ ಭೂಮಿ ಚಂದ್ರರಿಗಷ್ಟೇ ಸೀಮಿತವಾದುದಲ್ಲ. ಗುರುಗ್ರಹದಲ್ಲಿ ಅದು ಹೆಚ್ಚುಕಡಿಮೆ ನಿತ್ಯವೂ ನಡೆಯುತ್ತದೆ. ಅದನ್ನು ತಾಳ್ಮೆಯಿಂದ ನೋಡಿ, ಕಂಡುದನ್ನು ಕಂಡಂತೆ ಬರೆದಿಟ್ಟವರಿಂದಲೇ ಬೆಳಕಿಗೂ ಒಂದು ವೇಗವುಂಟೆಂಬ ಮಹತ್ಸತ್ಯ ಲೋಕಕ್ಕೆ ತಿಳಿಯಿತು.

1610ನೆಯ ಇಸವಿ ಜನವರಿ 7ರ ರಾತ್ರಿ ಇಟಲಿಯ ಪಡುವಾ ನಗರದಲ್ಲಿ ಗೆಲಿಲಿಯೊ ತಾನೇ ಸಿದ್ಧಪಡಿಸಿದ ದೂರದರ್ಶಕವನ್ನು ಗುರುವಿನತ್ತ ತಿರುಗಿಸಿದಾಗ, ಅದರ ಮಗ್ಗುಲಲ್ಲಿ ಮೂರು ಸಣ್ಣ ಚುಕ್ಕೆಗಳು ಕಂಡವು. ಕೆಲವೇ ದಿನಗಳಲ್ಲಿ ನಾಲ್ಕನೆಯದೂ ಗೋಚರಿಸಿತು. ಅವು ಪ್ರತಿರಾತ್ರಿಯೂ ಎಡೆ ಬದಲಿಸುತ್ತಿದ್ದರೂ ಗುರುವನ್ನು ಬಿಟ್ಟು ಅಗಲದಿದ್ದುದರಿಂದ, ಅವು ನಕ್ಷತ್ರಗಳಲ್ಲ, ಗುರುವನ್ನು ಸುತ್ತುವ ಚಂದ್ರರು ಎಂದು ಆತನು ನಿಶ್ಚಯಿಸಿದನು. ಆಕಾಶದ ಸಕಲಕಾಯಗಳೂ ಭೂಮಿಯನ್ನೇ ಸುತ್ತುತ್ತವೆಂಬ ಮತಕ್ಕೆ ಇದು ದೊಡ್ಡ ಪೆಟ್ಟಾಯಿತು. ಇಂದು ಗುರುವಿಗೆ 95ಕ್ಕೂ ಮಿಕ್ಕ ಚಂದ್ರರಿರುವುದು ತಿಳಿದಿದ್ದರೂ ಸಾಮಾನ್ಯ ವೀಕ್ಷಕರಿಗೆ ಮುಖ್ಯವಾದವು ಆ ನಾಲ್ಕೇ. ಒಳಗಿನಿಂದ ಹೊರಗಿನ ಕ್ರಮದಲ್ಲಿ ಅವುಗಳ ಹೆಸರು ಅಯೋ, ಯೂರೋಪ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊ. ಅಯೋ ಗುರುವಿನಿಂದ ಸುಮಾರು 4.2 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ನಮ್ಮ ಚಂದ್ರನೂ ಭೂಮಿಯಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದ್ದಾನೆ. ಆದರೆ ಗುರುವಿನ ದ್ರವ್ಯರಾಶಿ ಭೂಮಿಯದಕ್ಕಿಂತ ಸುಮಾರು 318 ಪಟ್ಟು ಅಧಿಕವಾದುದರಿಂದ, ನಮ್ಮ ಚಂದ್ರನು 27 ದಿನಗಳಲ್ಲಿ ಮುಗಿಸುವ ಪ್ರದಕ್ಷಿಣೆಯನ್ನು ಅಯೋ ಕೇವಲ 42 ಗಂಟೆ 30 ನಿಮಿಷಗಳಲ್ಲಿ ಮುಗಿಸುತ್ತದೆ.

ಈ ಚಂದ್ರರ ಪರಿಭ್ರಮಣದಲ್ಲಿ ನಾಲ್ಕು ಬಗೆಯ ದೃಶ್ಯಗಳುಂಟಾಗುತ್ತವೆ. ಚಂದ್ರನು ಗುರುವಿನ ಹಿಂದೆ ಸರಿದು ಮರೆಯಾಗುವುದು ಆಚ್ಛಾದನೆ. ಗುರುವಿನ ನೆರಳನ್ನು ಹೊಕ್ಕು ಕಾಂತಿಗುಂದುವುದು ಗ್ರಹಣ. ಗುರುಬಿಂಬದ ಮುಂದೆ ಹಾದುಹೋಗುವುದು ಸಂಕ್ರಮಣ. ಹಾಗೆ ಹಾಯುವಾಗ ಅವನ ನೆರಳು ಗುರುವಿನ ಮೋಡಗಳ ಮೇಲೆ ಬಿದ್ದು ಸಾಗುವುದು ಛಾಯಾಸಂಕ್ರಮಣ. ಆ ನೆರಳು ಬಿದ್ದ ಎಡೆಯಲ್ಲಿ ಒಬ್ಬನು ನಿಲ್ಲುವಂತಿದ್ದರೆ ಅವನಿಗೆ ಕಾಣುವುದು ಸಂಪೂರ್ಣ ಸೂರ್ಯಗ್ರಹಣವೇ ಸರಿ.

ಈ ಕೊನೆಯ ಎರಡು ದೃಶ್ಯಗಳಲ್ಲಿ ಒಂದು ವಿಶೇಷವಿದೆ. ಚಂದ್ರನು ಕಾಣುವುದು ಕಷ್ಟ, ಅವನ ನೆರಳು ಕಾಣುವುದು ಸುಲಭ. ಗುರುಬಿಂಬದ ಅಂಚು ತುಸು ಮಂಕಾಗಿರುವುದರಿಂದ ಚಂದ್ರನು ಅಲ್ಲಿ ಹೊಳೆಯುವ ಬಿಂದುವಿನಂತೆ ಪ್ರವೇಶಿಸುತ್ತಾನೆ. ನಡುಭಾಗಕ್ಕೆ ಬಂದೊಡನೆ ಮೋಡಗಳ ಬಿಳುಪಿನಲ್ಲಿ ಅವನ ಬಿಳುಪು ಬೆರೆತುಹೋಗುತ್ತದೆ. ಗ್ಯಾನಿಮೀಡ್, ಕ್ಯಾಲಿಸ್ಟೊ ಮಾತ್ರ ಬೂದುಬಣ್ಣದ ಚುಕ್ಕೆಗಳಾಗಿ ತೋರುವುದುಂಟು. ನೆರಳಾದರೋ ಮಸಿಯ ಬೊಟ್ಟಿನಂತೆ ಕಪ್ಪಾಗಿ ಕಾಣುತ್ತದೆ. ಅಯೋದ ನೆರಳು ಗುರುವನ್ನು ದಾಟಲು ಎರಡು ಗಂಟೆಗಿಂತ ತುಸು ಹೆಚ್ಚು ಕಾಲ ಬೇಕು. ಗ್ಯಾನಿಮೀಡಿನದಕ್ಕೆ ಮೂರು ಗಂಟೆಗೂ ಮೀರಿ ಹಿಡಿಯುವುದುಂಟು.

ನೆರಳು ಬೀಳುವ ತಾಣವೂ ನಿಯಮಬದ್ಧವಾದುದೇ. ಗುರುವು ಸೂರ್ಯನಿಗೆ ಇದಿರಾಗಿ ನಿಂತು ಇರುಳೆಲ್ಲ ಕಾಣುವ ಸಂದರ್ಭಕ್ಕೆ ವಿಯುತಿಯೆಂದು ಹೆಸರು; ಇದು ಸುಮಾರು 13 ತಿಂಗಳಿಗೊಮ್ಮೆ ಬರುತ್ತದೆ. ವಿಯುತಿಗೆ ಮುನ್ನ ನೆರಳು ಮುಂದಾಗಿ ಚಂದ್ರನು ಅದನ್ನು ಹಿಂಬಾಲಿಸುತ್ತಾನೆ. ವಿಯುತಿಯ ಬಳಿಕ ಚಂದ್ರನು ಮುಂದಾಗಿ ನೆರಳು ಹಿಂಬಾಲಿಸುತ್ತದೆ. ಗ್ಯಾನಿಮೀಡ್ ಒಂದು ಸುತ್ತು ಬರುವಷ್ಟರಲ್ಲಿ ಯೂರೋಪ ಎರಡನ್ನೂ ಅಯೋ ನಾಲ್ಕನ್ನೂ ಮುಗಿಸುತ್ತವೆ. ಇವುಗಳ ಗತಿ ಪರಸ್ಪರ ಹೊಂದಿಕೊಂಡಿರುವ ರೀತಿಯಿಂದಾಗಿ ಈ ಮೂರರ ನೆರಳುಗಳೂ ಏಕಕಾಲದಲ್ಲಿ ಗುರುಬಿಂಬದ ಮೇಲೆ ಬೀಳಲಾರವು. ಆದ್ದರಿಂದ ಮೂರು ನೆರಳುಗಳನ್ನು ಒಟ್ಟಿಗೆ ಕಾಣಬೇಕಾದರೆ ಕ್ಯಾಲಿಸ್ಟೊದ ನೆರಳೂ ಅವುಗಳಲ್ಲಿ ಒಂದಾಗಿರಬೇಕು. 2015ರ ಜನವರಿ 24ರಂದು ಅಂತಹ ಯೋಗ ಒದಗಿತ್ತಾದರೂ ಆಗ ಭಾರತದಲ್ಲಿ ನಡುಹಗಲು. ಅದರ ಮುಂದಿನದು 2032ರಲ್ಲಿ ಎಂದು ಗಣಿತವು ಹೇಳುತ್ತದೆ.

ಈ ನೆರಳನ್ನು ಶಾಸ್ತ್ರೋಪಯೋಗಿಯನ್ನಾಗಿ ಮಾಡಿದವರಲ್ಲಿ ಕ್ಯಾಸಿನಿ ಅಗ್ರಗಣ್ಯನು. 1664–65ರ ಅವಧಿಯಲ್ಲಿ ಆತನು ಇಟಲಿಯಲ್ಲಿದ್ದಾಗ ಗುರುವಿನ ಮೇಲೆ ಸರಿಯುವ ಕಪ್ಪು ಚುಕ್ಕೆಗಳನ್ನು ಕಂಡನು. ಅವುಗಳಲ್ಲಿ ಚಂದ್ರರ ನೆರಳು ಯಾವುದು, ಗುರುವಿನದೇ ಕಲೆ ಯಾವುದು ಎಂಬ ಪ್ರಶ್ನೆ ಎದ್ದಿತು. ಗುರುವಿನೊಡನೆ ತಿರುಗುವ ಕಲೆಯು ಅಂಚಿನಲ್ಲಿ ನಿಧಾನವಾಗಿಯೂ ನಡುವೆ ವೇಗವಾಗಿಯೂ ಸರಿದಂತೆ ಕಾಣುತ್ತದೆ. ಅದು ಬಿಂಬವನ್ನು ದಾಟಲು ಸುಮಾರು ಐದು ಗಂಟೆ ಬೇಕು. ನೆರಳು ಆದ್ಯಂತವಾಗಿ ಒಂದೇ ನಡೆಯಲ್ಲಿ ಸಾಗುತ್ತದೆ. ಹೀಗೆ ಎರಡನ್ನೂ ವಿಂಗಡಿಸಿದ ಕ್ಯಾಸಿನಿ, ಗುರುವು ತನ್ನ ಅಕ್ಷದ ಮೇಲೆ 9 ಗಂಟೆ 56 ನಿಮಿಷಗಳಿಗೊಮ್ಮೆ ತಿರುಗುತ್ತದೆಂದು ಗಣಿಸಿದನು. ಇಂದಿನ ಲೆಕ್ಕವೂ ಅದಕ್ಕೆ ಅತಿ ಸಮೀಪವಾಗಿದೆ. 1668ರಲ್ಲಿ ಆತನು ಚಂದ್ರರ ಗತಿಯನ್ನು ಸೂಚಿಸುವ ಕೋಷ್ಟಕಗಳನ್ನು ಪ್ರಕಟಿಸಿದನು. ಗುರುಚಂದ್ರನ ಗ್ರಹಣ ಭೂಮಿಯ ಎಲ್ಲ ಕಡೆಯಿಂದಲೂ ಒಂದೇ ಕ್ಷಣದಲ್ಲಿ ಕಾಣುವುದರಿಂದ, ಎರಡು ಊರುಗಳ ಸ್ಥಳೀಯ ಕಾಲಗಳ ವ್ಯತ್ಯಾಸದಿಂದ ಅವುಗಳ ರೇಖಾಂಶಾಂತರವನ್ನು ತಿಳಿಯಬಹುದಾಗಿತ್ತು. ಒಂದು ಗಂಟೆಯ ವ್ಯತ್ಯಾಸಕ್ಕೆ 15 ಅಂಶ. ಫ್ರಾನ್ಸ್ ದೇಶದ ಭೂಪಟವನ್ನು ಈ ವಿಧಾನದಿಂದಲೇ ತಿದ್ದಿದರು.

ಆದರೆ ಕೋಷ್ಟಕಕ್ಕೂ ಆಕಾಶಕ್ಕೂ ಒಂದು ಹೊಂದಿಕೆಯಾಗದೆ ಉಳಿಯಿತು. ಭೂಮಿಯು ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಅಯೋದ ಗ್ರಹಣಗಳು ತಡವಾಗುತ್ತಲೂ, ಸಮೀಪಿಸುವ ತಿಂಗಳುಗಳಲ್ಲಿ ಬೇಗ ಬರುತ್ತಲೂ ಇದ್ದವು. ಪ್ಯಾರಿಸ್ ವೀಕ್ಷಣಾಲಯದಲ್ಲಿದ್ದ ಡೆನ್ಮಾರ್ಕಿನ ತರುಣ ರೋಮರ್ ಇದನ್ನು ಅಲಕ್ಷಿಸಲಿಲ್ಲ. ದಿನವೂ ಒಂದೇ ಹೊತ್ತಿಗೆ ಹೊರಡುವ ಅಂಚೆಯವನು, ಕಾಗದ ಪಡೆಯುವವನ ಮನೆ ದೂರವಾಗುತ್ತ ಹೋದರೆ, ತಡವಾಗಿ ಮುಟ್ಟುವನಷ್ಟೆ. ತಪ್ಪು ಹೊರಟವನದಲ್ಲ, ಹೆಚ್ಚಿದ ಹಾದಿಯದು. ಹಾಗೆಯೇ ಅಯೋ ತಪ್ಪುತ್ತಿಲ್ಲ, ಅದರ ಬೆಳಕು ನಮ್ಮನ್ನು ಮುಟ್ಟಲು ಹೆಚ್ಚು ಹೊತ್ತು ಬೇಕಾಗಿದೆ ಎಂದು ರೋಮರ್ ತರ್ಕಿಸಿದನು. 1676ರ ನವೆಂಬರ್ 9ರಂದು ಅಯೋ ಗುರುವಿನ ನೆರಳಿನಿಂದ ಹೊರಬರುವುದು ಲೆಕ್ಕದ ಕಾಲಕ್ಕಿಂತ 10 ನಿಮಿಷ ತಡವಾಗುವುದೆಂದು ಮುಂಚಿತವಾಗಿಯೇ ಸಾರಿದನು. ಹಾಗೆಯೇ ಆಯಿತು. ಭೂಕಕ್ಷೆಯ ವ್ಯಾಸವನ್ನು ದಾಟಲು ಬೆಳಕಿಗೆ 22 ನಿಮಿಷ ಬೇಕೆಂಬುದು ಆತನ ಗಣನೆ. ನಿಜವಾದುದು ಸುಮಾರು 16 ನಿಮಿಷ 40 ಸೆಕೆಂಡು. ಸಂಖ್ಯೆ ತಪ್ಪಿದರೂ ತತ್ತ್ವ ತಪ್ಪಲಿಲ್ಲ. ಕ್ಯಾಸಿನಿ ಇದನ್ನು ಒಪ್ಪಲಿಲ್ಲ. ಬೇರೊಂದು ಮಾರ್ಗದಿಂದ ಇಂಗ್ಲೆಂಡಿನ ಬ್ರಾಡ್ಲಿ ಇದನ್ನು ದೃಢಪಡಿಸುವ ವೇಳೆಗೆ ಅರ್ಧ ಶತಮಾನವೇ ಕಳೆದಿತ್ತು. 1710ರಲ್ಲಿ ತೀರಿಕೊಂಡ ರೋಮರ್ ಅದನ್ನು ಕಾಣಲಿಲ್ಲ.

ಈ ದೃಶ್ಯಗಳನ್ನು ಇಂದು ಶಾಲೆಯ ಅಂಗಳದಿಂದಲೇ ತೋರಿಸಬಹುದು. ನಾಲ್ಕು ಚಂದ್ರರನ್ನು ಕಾಣಲು ಸ್ಥಿರವಾಗಿ ಹಿಡಿದ ಬೈನಾಕ್ಯುಲರ್ ಸಾಕು. ನೆರಳನ್ನು ಕಾಣಲು ಮುಂಗಾಜು 80ರಿಂದ 100 ಮಿಲಿಮೀಟರ್ ವ್ಯಾಸವುಳ್ಳ ದೂರದರ್ಶಕವೂ, 100 ಪಟ್ಟು ಅಥವಾ ಅದಕ್ಕೂ ಮೀರಿದ ವರ್ಧನೆಯೂ ಬೇಕು. ಗುರುವು ನೆತ್ತಿಗೆ ಸಮೀಪಿಸಿದಾಗ, ಗಾಳಿ ನೆಲೆನಿಂತ ರಾತ್ರಿಯಲ್ಲಿ ನೋಡುವುದು ಯುಕ್ತ. ನೆರಳು ಪ್ರವೇಶಿಸುವ, ನಿರ್ಗಮಿಸುವ ಕಾಲಗಳು ಖಗೋಳ ಪಂಚಾಂಗಗಳಲ್ಲಿ ಮೊದಲೇ ದೊರೆಯುತ್ತವೆ.

ಆದರೆ ಉಪಾಧ್ಯಾಯರು ವಿದ್ಯಾರ್ಥಿಗೆ ಆ ಮುದ್ರಿತ ಕಾಲವನ್ನು ಮೊದಲು ಹೇಳದಿರುವುದು ಲೇಸು. ಅವನು ದೂರದರ್ಶಕದ ಮುಂದೆ ಕುಳಿತು, ಕಪ್ಪು ಬೊಟ್ಟು ಕಂಡ ಕ್ಷಣವನ್ನು ಗಡಿಯಾರ ನೋಡಿ ಬರೆದುಕೊಳ್ಳಲಿ; ಬಳಿಕ ಪುಸ್ತಕದೊಡನೆ ಹೋಲಿಸಲಿ. ಎರಡು ನಿಮಿಷ ವ್ಯತ್ಯಾಸ ಬಂದರೆ, ತಾನು ಬರೆದುದನ್ನು ಒರಸಿ ಪುಸ್ತಕದ ಅಂಕೆಯನ್ನು ಬರೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಗೆದ್ದು, ಕಂಡುದನ್ನು ಹಾಗೆಯೇ ಉಳಿಸಿ, ವ್ಯತ್ಯಾಸದ ಕಾರಣವನ್ನು ಹುಡುಕುವ ಬುದ್ಧಿ ಅವನಲ್ಲಿ ಮೂಡಿದರೆ ದೂರದರ್ಶಕಕ್ಕೆ ಕೊಟ್ಟ ಹಣವೂ ಗುರುಗಳ ಶ್ರಮವೂ ಸಾರ್ಥಕ. ರೋಮರನ ಕೈಯಲ್ಲಿದ್ದುದೂ ಅಂತಹ ಕೆಲವು ನಿಮಿಷಗಳ ವ್ಯತ್ಯಾಸವೇ.