ಸಿಕ್ ಬಿಟ್ಟುಹೋದ ಸಿಕ್ಕು

2011ರಲ್ಲಿ ರೂಬಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರಿಗೆ ಒಂದು ವಿಚಿತ್ರ ತಕರಾರು ಎದುರಾಗತೊಡಗಿತು. ಬೇರೆ ಯಾರೋ ಕಟ್ಟಿ ಹಂಚಿದ ‘ಜೆಮ್’ ಒಂದನ್ನು ಇಳಿಸಿಕೊಳ್ಳಲು ಹೋದರೆ, ತಾರೀಖಿನ ರೂಪ ಸರಿಯಿಲ್ಲ ಎಂಬ ದೂರು ಪರದೆಯ ಮೇಲೆ ಬೀಳುತ್ತಿತ್ತು. ಕೋಡಿನ ಪೊಟ್ಟಣಕ್ಕೆ ರೂಬಿಯವರು ಇಟ್ಟುಕೊಂಡ ಹೆಸರೇ ಜೆಮ್. ತಾರೀಖನ್ನು ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ: ವರ್ಷ, ತಿಂಗಳು, ದಿನ, ಆಮೇಲೆ ಸೊನ್ನೆಗಳ ಸಾಲು, ಕೊನೆಗೆ ಗ್ರೀನಿಚ್ ಸಮಯವೆಂದು ತಿಳಿಸುವ ‘ಝೆಡ್’ ಅಕ್ಷರ. ಕೊರತೆ ಒಂದೇ. ಕೊನೆಯ ಸೊನ್ನೆಗೂ ಝೆಡ್‌ಗೂ ನಡುವೆ ಸ್ಪೇಸ್ ಇರಲಿಲ್ಲ.

ಜೆಮ್‌ಗೆ ಬೇಕಿದ್ದದ್ದು ಯಾವ ದಿನ ಎಂಬುದು ಮಾತ್ರ. ಗಂಟೆ, ನಿಮಿಷ, ಸೆಕೆಂಡುಗಳೆಲ್ಲ ಸೊನ್ನೆಯೇ. ಯಾರಿಗೂ ಬೇಡದ ಆ ಸೊನ್ನೆಗಳ ಬಾಲದಲ್ಲಿ ಕಾಣೆಯಾದ ಒಂದು ಸ್ಪೇಸ್ ಅಷ್ಟೊಂದು ಜನರ ಕೆಲಸ ನಿಲ್ಲಿಸಿದ್ದು ಹೇಗೆ?

ಓಡುತ್ತಿರುವ ಪ್ರೋಗ್ರಾಮಿನ ಒಳಗಿನ ಮಾಹಿತಿ ಹಸಿ ಹಿಟ್ಟಿನಂತೆ. ವಿದ್ಯುತ್ ಹೋದರೆ ಅದೂ ಹೋಯಿತು. ಉಳಿಸಿಕೊಳ್ಳಬೇಕಾದರೆ ಒಣಗಿಸಿ ಡಬ್ಬಿಗೆ ತುಂಬಬೇಕು, ಬೇಕಾದಾಗ ಕರಿದು ಮತ್ತೆ ಅರಳಿಸಬೇಕು. ಮಾಳಿಗೆಯ ಮೇಲೆ ಸಂಡಿಗೆ ಇಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಕಂಪ್ಯೂಟರಿನವರು ಈ ಒಣಗಿಸುವ ಕೆಲಸಕ್ಕೆ ಸೀರಿಯಲೈಸೇಷನ್ ಎನ್ನುತ್ತಾರೆ. ರೂಬಿಯ ಮಂದಿಗೆ ಬಹುಕಾಲದಿಂದ ಪ್ರಿಯವಾದ ಒಣಗಿಸುವ ರೀತಿ ‘ಯಾಮಲ್’. 2001ರಲ್ಲಿ ಹುಟ್ಟಿದ ಈ ಬರಹ ಕ್ರಮದಲ್ಲಿ ಆವರಣಗಳ ಗದ್ದಲ ಕಡಿಮೆ. ಸಾಲು, ಅಂಚು, ಒಂದು ಕೋಲನ್, ಒಂದು ಅಡ್ಡಗೆರೆ ಇದ್ದರೆ ಸಾಕು, ಮನುಷ್ಯರು ಸಲೀಸಾಗಿ ಓದಬಹುದು. ಯಂತ್ರಕ್ಕೆ ಮಾತ್ರ ಆ ಸಲೀಸು ಇಲ್ಲ. ನಾರ್ವೆ ದೇಶದ ಎರಡಕ್ಷರದ ಸಂಕೇತ ‘ಎನ್ಓ’ವನ್ನು ಅದು ‘ಇಲ್ಲ’ ಎಂದು ಓದಿಬಿಡುತ್ತದೆ. ಬೆಳಗಿನ 6:30 ಎಂದು ಬರೆದಿಟ್ಟರೆ ರೂಬಿಯ ಕೈಗೆ ಸಿಗುವುದು 23400. ಆರೂವರೆ ಗಂಟೆಗೆ ಎಷ್ಟು ಸೆಕೆಂಡು ಎಂಬ ಲೆಕ್ಕ ಅದು!

ಯಾಮಲ್ ಓದಿ ಬರೆಯಲು ರೂಬಿಗೆ ಮೊದಲು ಸಿಕ್ಕ ಲೈಬ್ರರಿಯ ಹೆಸರು ‘ಸಿಕ್’. ಬರೆದವನು ‘ವೈ ದ ಲಕಿ ಸ್ಟಿಫ್’ ಎಂಬ ಗುಪ್ತನಾಮದ ಕಲಾವಿದ, ಅಥವಾ ಪ್ರೋಗ್ರಾಮರ್. ಎರಡರಲ್ಲಿ ಯಾವುದು ಮೊದಲು ಎಂದು ಹೇಳುವುದು ಕಷ್ಟ. ಮಾತಾಡುವ ನರಿಗಳ ವ್ಯಂಗ್ಯಚಿತ್ರ ಹಾಕಿ ರೂಬಿ ಕಲಿಸುವ ಪುಸ್ತಕ ಬರೆದವನೂ ಅವನೇ. 2003ರಲ್ಲಿ ರೂಬಿ 1.8ರ ಜೊತೆಗೇ ಸಿಕ್ ಕೂಡ ಬಂತು. ಆರು ವರ್ಷದ ನಂತರ, 2009ರ ಆಗಸ್ಟ್ 19ರಂದು, ಅವನು ತನ್ನ ತಾಣಗಳನ್ನೂ ಕೋಡನ್ನೂ ಅಳಿಸಿ ಅಂತರ್ಜಾಲದಿಂದಲೇ ಮಾಯವಾದ. ಅವನ ಸಾರ್ವಜನಿಕ ಕೋಡನ್ನು ಇತರರು ಪ್ರತಿಗಳಿಂದ ಹೆಕ್ಕಿ ಉಳಿಸಿದರು. ಆದರೆ ಸಿಕ್‌ನ ಒಳಗುಟ್ಟು ಬಲ್ಲವನೇ ಇರಲಿಲ್ಲ.

ಆ ಜಾಗ ತುಂಬಿದ್ದು ಆರನ್ ಪ್ಯಾಟರ್ಸನ್ ಕಟ್ಟಿದ ‘ಸೈಕ್’. ಯಾಮಲ್ ಓದುವ ಕಷ್ಟದ ಕೆಲಸವನ್ನು ಸೈಕ್ ತಾನು ಮಾಡದೆ, ಕಿರಿಲ್ ಸಿಮೊನೊವ್ ಬರೆದ ‘ಲಿಬ್‌ಯಾಮಲ್’ಗೆ ಒಪ್ಪಿಸಿತು. 2010ರಲ್ಲಿ ರೂಬಿ 1.9.2ರೊಳಗೆ ಸೈಕನ್ನು, ಬೇಕಾದವರು ಬಳಸಲಿ ಎಂದು, ಸೇರಿಸಿದರು. 2011ರ ಅಕ್ಟೋಬರಿನಲ್ಲಿ 1.9.3 ಬಂದಾಗ ಅದೇ ಮುಖ್ಯವಾಯಿತು. 2013ರ ಫೆಬ್ರವರಿಯ 2.0 ಆವೃತ್ತಿಯಲ್ಲಿ ಸಿಕ್ ಮನೆ ಖಾಲಿ ಮಾಡಿತು.

ಕಾಗದದ ಮೇಲೆ ಇದು ಚೊಕ್ಕ ವರ್ಗಾವಣೆ. ಆದರೆ ಲೈಬ್ರರಿ ಬದಲಾದ ಮಾತ್ರಕ್ಕೆ ಡಬ್ಬಿಯಲ್ಲಿರುವ ಸಂಡಿಗೆ ಬದಲಾಗುವುದಿಲ್ಲವಲ್ಲ. ಸಿಕ್ ಒಣಗಿಸಿಟ್ಟದ್ದನ್ನು ಸೈಕ್ ಕರಿಯಬೇಕು. ಅದಕ್ಕಿಂತ ಫಜೀತಿಯೆಂದರೆ, ಹಳೆ ರೂಬಿಯಲ್ಲೇ ಉಳಿದವರಿದ್ದಾರೆ. ಸೈಕ್ ಒಣಗಿಸಿದ್ದನ್ನು ಅವರ ಸಿಕ್ ಕರಿಯಬೇಕು. ಝೆಡ್‌ನ ಜಗಳ ಹುಟ್ಟಿದ್ದು ಇಲ್ಲಿ. ಪ್ರತಿ ಜೆಮ್‌ನೊಳಗೂ ಅದರ ಹೆಸರು, ಆವೃತ್ತಿ, ತಾರೀಖುಗಳ ವಿವರ ಯಾಮಲ್‌ನಲ್ಲೇ ಇರುತ್ತದೆ. ಸೈಕ್ ಸ್ಪೇಸ್ ಬಿಡದೆ ಬರೆಯಿತು, ಆಚೆ ಕಡೆಯ ಹಳೆಯ ಯಂತ್ರ ಸ್ಪೇಸ್ ಇಲ್ಲದೆ ಓದಲೊಲ್ಲೆನೆಂದಿತು.

ಸ್ವಭಾವದಲ್ಲೂ ಎರಡಕ್ಕೂ ಅಜಗಜಾಂತರ. ಸಿಕ್ ಯಾಮಲ್ 1.0ರ ಕಾಲದ್ದು, ತಪ್ಪು ಕಂಡರೂ ಹೊಟ್ಟೆಗೆ ಹಾಕಿಕೊಳ್ಳುವ ಜಾಯಮಾನ. ಲಿಬ್‌ಯಾಮಲ್ 1.1ರ ನಿಯಮ ಹಿಡಿದು ಕೂತ ಶಿಸ್ತಿನ ಮೇಷ್ಟ್ರು. ಶೇಕಡಾ ಗುರುತಿನಿಂದ ಶುರುವಾಗುವ ಮಾತನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದಿದ್ದರೆ ಸಿಕ್ ಸುಮ್ಮನೆ ಒಪ್ಪುತ್ತಿತ್ತು. ಸೈಕ್ ಅಲ್ಲೇ ತಡೆದು ನಿಲ್ಲಿಸಿತು. ರೂಬಿಯಲ್ಲಿ ಜಾಲತಾಣ ಕಟ್ಟುವವರು ಬಳಸುವ ಚೌಕಟ್ಟು ‘ರೈಲ್ಸ್’. ಹಣದ ಮೊತ್ತ ತೋರಿಸುವ ರೀತಿಯನ್ನು ಹಾಗೆ ಬರೆದಿಟ್ಟ ಅದರ ಅನುವಾದ ಕಡತಗಳು ಒಂದೊಂದಾಗಿ ಮುಗ್ಗರಿಸಿದವು.

ಸಮ ಚಿಹ್ನೆಯ ಪ್ರಸಂಗ ನನಗೆ ಇವೆಲ್ಲಕ್ಕಿಂತ ಇಷ್ಟ. ಒಂದು ಜೆಮ್‌ಗೆ ಇನ್ನೊಂದರ ಇಂಥದೇ ಆವೃತ್ತಿ ಬೇಕೆಂದು ಹೇಳಲು ‘=’ ಬಳಸುತ್ತಾರೆ. ಸೈಕ್ ಅದನ್ನು ಹಾಗೇ ಬೋಳಾಗಿ ಬರೆಯುತ್ತಿತ್ತು. ಯಾಮಲ್‌ನ ಒಂದು ಮೂಲೆಯಲ್ಲಿ ಒಂಟಿ ಸಮ ಚಿಹ್ನೆಗೆ ‘ರೂಢಿಯ ಕೀಲಿ’ ಎಂಬ ವಿಶೇಷ ಅರ್ಥವಿದೆ. ಅದನ್ನು ಬಳಸುವವರನ್ನು ನಾನಂತೂ ಕಂಡಿಲ್ಲ. ಸಿಕ್ ಮಾತ್ರ ಅದನ್ನು ನೆನಪಿಟ್ಟುಕೊಂಡಿತ್ತು. ಹಾಗಾಗಿ ‘= 1.2’ ಎಂಬಲ್ಲಿ ಸಮ ಚಿಹ್ನೆಯ ಬದಲು ‘ಡಿಫಾಲ್ಟ್‌ಕೀ’ ಎಂಬ ವಸ್ತು, ಅದರ ಮೆಮೊರಿ ವಿಳಾಸ ಸಮೇತ, ಬಂದು ಕೂರುತ್ತಿತ್ತು. ಹೀಗೆ ಕೆಟ್ಟ ವಿವರಗಳು ಮತ್ತೆ ಒಣಗಿ, ಮುಂದಿನವರ ಡಬ್ಬಿಗೂ ಹೋದವು.

ಜೆಮ್‌ಗಳನ್ನು ಕಟ್ಟಿ ಇಳಿಸಿಕೊಡುವ ತಂತ್ರಾಂಶವಾದ ‘ರೂಬಿಜೆಮ್ಸ್’ನ ತಂಡ ಮಾಡಿದ ಹೊಂದಾಣಿಕೆಯನ್ನು ಓದಿದರೆ ನಗುವೂ ಗೌರವವೂ ಒಟ್ಟಿಗೆ ಬರುತ್ತವೆ. ‘ಸಿಕ್ ಹ್ಯಾಕ್’ ಎಂಬ ಹೆಸರಿನದೇ ಒಂದು ಕಡತ. ಯಾವ ರೂಬಿಯಾದರೂ ಸರಿ, ಸಿಕ್ ಇರಲಿ ಬಿಡಲಿ, ಡಿಫಾಲ್ಟ್‌ಕೀ ಎಂಬ ಹೆಸರು ಮಾತ್ರ ಇದ್ದೇ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ನಿನ್ನನ್ನು ಅಕ್ಷರವಾಗಿ ಬರೆ ಎಂದರೆ ಆ ವಸ್ತು ‘=’ ಎಂದಷ್ಟೇ ಹೇಳಬೇಕು. ಬರೆಯುವ ಬದಿಯಲ್ಲಿ ಸೈಕ್‌ನ ಮೇಲೆ ಸಣ್ಣ ಪದರ ಹೊದಿಸಿದರು: ಸಿಕ್ಕ ಪದ ಸಮ ಚಿಹ್ನೆಯಾಗಿದ್ದರೆ ಉದ್ಧರಣ ಚಿಹ್ನೆಯೊಳಗಿಡು, ಸಮಯ ಬರೆಯುವಾಗ ಝೆಡ್‌ಗೆ ಮುಂಚೆ ಒಂದು ಸ್ಪೇಸ್ ಬಿಡು. ಸೈಕ್ ಕೂಡ ತನ್ನ ಪಾಲು ಸಲ್ಲಿಸಿತು. ಸಿಕ್ ಕಾಲದ ವಿಧಾನಗಳನ್ನು ಹಳೆಯ ಹೆಸರಿನಿಂದ ಕರೆದರೂ ಓಗೊಟ್ಟು, ಈ ಹೆಸರಿಗೆ ಕಾಲ ಮುಗಿಯಿತು ಎಂದು ಗೊಣಗುತ್ತಲೇ ಕೆಲಸ ಮಾಡಿಕೊಡುತ್ತಿತ್ತು.

ಕನ್ನಡಕ್ಕೂ ಈ ಕತೆಯಲ್ಲಿ ಒಂದು ಪಾತ್ರವಿದೆ. ಒಂದು ಪದದಲ್ಲಿ ಇಂಗ್ಲಿಷ್ ಕೀಲಿಮಣೆಯ ಮಾಮೂಲಿ ಅಕ್ಷರಗಳಲ್ಲದ್ದು ಜಾಸ್ತಿಯಾದರೆ ಸಿಕ್ ಅದನ್ನು ಬರಹವೆಂದೇ ಒಪ್ಪುತ್ತಿರಲಿಲ್ಲ. ಚಿತ್ರವೋ ಧ್ವನಿಯೋ ಇರಬೇಕೆಂದು ಬಗೆದು ‘ಬೈನರಿ’ ಎಂಬ ಹಣೆಪಟ್ಟಿ ಹಚ್ಚಿ ಬೇಸ್64ಗೆ ತಿರುಗಿಸುತ್ತಿತ್ತು. ಜಪಾನೀ ಬಳಕೆದಾರರಿಗೂ ಇದೇ ಗೋಳು. ಇದರಿಂದ ಪಾರಾಗಲೆಂದೇ ‘ಯಾ2ಯಾಮಲ್’ ಎಂಬ ಪ್ರತ್ಯೇಕ ಜೆಮ್ ಹುಟ್ಟಿಕೊಂಡಿತು. ‘ಕನ್ನಡ’ ಎಂಬ ಪದದಲ್ಲಿ ಐದು ಯೂನಿಕೋಡ್ ಸಂಕೇತಗಳಿವೆ, ಒಂದೊಂದಕ್ಕೆ ಮೂರು ಬೈಟ್. ಬೇಸ್64 ಮೂರು ಬೈಟಿಗೆ ನಾಲ್ಕು ಅಕ್ಷರ ಕೊಡುತ್ತದೆ, ಒಟ್ಟು ಇಪ್ಪತ್ತು. ನಮ್ಮ ಲಿಪಿಯ ಯಾವ ಸಂಕೇತವೇ ಇರಲಿ, ಆ ನಾಲ್ಕರ ಗುಂಪು ಶುರುವಾಗುವುದು 4 ಎಂಬ ಅಂಕಿ ಮತ್ತು ‘ಎಲ್’ ಅಕ್ಷರದಿಂದಲೇ. ಆ ದಿನಗಳಲ್ಲಿ ಅಂಥ ಕಡತಗಳನ್ನು ನೋಡಿ ನೋಡಿ, ‘4ಎಲ್’ ಕಂಡರೆ ಇಲ್ಲೊಂದು ಕನ್ನಡ ಪದ ಅಡಗಿದೆ ಎಂದು ಗುರುತಿಸುವ ಅಭ್ಯಾಸ ನನಗಾಗಿತ್ತು. ‘ನುಡಿ’ ತಂತ್ರಾಂಶದಲ್ಲಿ ಬರೆದ ಹಳೆಯ ಕಡತವನ್ನು ಅದರ ಫಾಂಟ್ ಇಲ್ಲದ ಗಣಕದಲ್ಲಿ ತೆರೆದವರಿಗೆ ಈ ಸಂಕಟ ಗೊತ್ತು.

ಸೈಕ್ ಬಂದ ಮೇಲೆ ಕನ್ನಡ ಕನ್ನಡವಾಗಿಯೇ ಉಳಿಯಿತು. ಆದರೆ ಹಳೆಯ ಕಡತಗಳು? ಹಣೆಪಟ್ಟಿಯಲ್ಲಿ ಬೈನರಿ ಎಂದಿರುವುದನ್ನು ಸೈಕ್ ನಂಬಿತು. ಬೈಟುಗಳನ್ನು ಸರಿಯಾಗಿಯೇ ಬಿಚ್ಚಿ ಕೊಟ್ಟಿತು, ಇದು ಯುಟಿಎಫ್-8 ಬರಹ ಎಂದು ಮಾತ್ರ ಹೇಳಲಿಲ್ಲ. ಆ ಪದವನ್ನು ಹೊಸ ಕನ್ನಡ ವಾಕ್ಯಕ್ಕೆ ಜೋಡಿಸಲು ಹೋದಾಗ ರೂಬಿ, ಎರಡರ ಎನ್‌ಕೋಡಿಂಗ್ ಹೊಂದುವುದಿಲ್ಲ ಎಂದು ಜಗಳಕ್ಕೆ ನಿಂತಿತು. ಪರದೆಯ ಮೇಲೆ ಎರಡೂ ಕನ್ನಡವೇ! ಪರಿಹಾರ ಒಂದೇ ಸಾಲು, ‘ಫೋರ್ಸ್ ಎನ್‌ಕೋಡಿಂಗ್’. ಆ ಸಾಲು ಎಲ್ಲಿ ಹಾಕಬೇಕೆಂದು ಹುಡುಕಲು ನನಗೆ ಎರಡು ದಿನ ಹಿಡಿಯಿತು. ತಪ್ಪು ಎಲ್ಲೋ ನಮ್ಮ ಡೇಟಾಬೇಸಿನಲ್ಲಿದೆ ಎಂದು ಮೊದಲ ದಿನವಿಡೀ ಸಹೋದ್ಯೋಗಿಯ ಮೇಲೆ ರೇಗಿದ್ದೂ ನಿಜ.

ಹೊಂದಾಣಿಕೆಗೆ ಬೆಲೆಯೂ ಇದೆ. ಯಾಮಲ್ ಕಡತದಿಂದ ರೂಬಿಯ ಯಾವುದೇ ವಸ್ತುವನ್ನು ಎಬ್ಬಿಸಿ ನಿಲ್ಲಿಸುವ ಹಳೆಯ ಧಾರಾಳತನವನ್ನು ಸೈಕ್ ಹಾಗೇ ಉಳಿಸಿಕೊಂಡಿತ್ತು. 2013ರ ಜನವರಿಯಲ್ಲಿ ಇದೇ ದಾರಿಯಿಂದ ರೈಲ್ಸ್‌ನಲ್ಲಿ ದೊಡ್ಡ ರಂಧ್ರ ಪತ್ತೆಯಾಯಿತು. ತಿಂಗಳ ಕೊನೆಗೆ ದುಷ್ಟ ಯಾಮಲ್ ತುಂಬಿದ ಜೆಮ್ ಒಂದು ಜೆಮ್‌ಗಳ ಉಗ್ರಾಣಕ್ಕೇ ನುಗ್ಗಿತು. ಆಮೇಲೆ ‘ಸೇಫ್ ಲೋಡ್’ ಬಂತು. 2021ರ ಡಿಸೆಂಬರಿನ ರೂಬಿ 3.1ರಲ್ಲಿ ಮಾಮೂಲಿ ‘ಲೋಡ್’ ಕೂಡ ಸುರಕ್ಷಿತವಾಯಿತು. ಸರಿಯಾದ ನಿರ್ಧಾರವೇ, ಆದರೆ ವರ್ಷಗಳಿಂದ ಓಡುತ್ತಿದ್ದ ಸೆಟ್ಟಿಂಗ್ ಕಡತಗಳು ರಾತ್ರೋರಾತ್ರಿ ಮುನಿಸಿಕೊಂಡವು. ‘ಅನ್‌ಸೇಫ್ ಲೋಡ್’ ಇದ್ದರೆ ಅದನ್ನು ಕರೆ, ಇಲ್ಲದಿದ್ದರೆ ಹಳೆಯ ಲೋಡ್ ಕರೆ ಎಂಬ ಸಾಲು ಊರೆಲ್ಲ ಹರಡಿತು. ಈ ಸಲ ಸೈಕ್ ಹೊಂದಬೇಕಾಗಿದ್ದು ತನ್ನದೇ ಹಳೆಯ ರೂಪದ ಜೊತೆ.

ಸಿಕ್ ರೂಬಿಯಿಂದ ಹೊರನಡೆದು ಎಷ್ಟೋ ವರ್ಷಗಳಾದ ಮೇಲೆ, ಒಂದು ಸಂಜೆ ಏನನ್ನೋ ಹುಡುಕುತ್ತ ರೂಬಿಜೆಮ್ಸ್‌ನ ಕೋಡ್ ತೆರೆದಿದ್ದೆ. ಆ ಪದರ ಹಾಗೇ ಇತ್ತು. ಓದಲೊಲ್ಲೆನೆಂದು ಹಟ ಹಿಡಿಯುವ ಹಳೆಯ ಯಂತ್ರ ಅಷ್ಟರಲ್ಲಿ ಬಹುಶಃ ಎಲ್ಲೂ ಉಳಿದಿರಲಿಕ್ಕಿಲ್ಲ. ಆದರೂ ಅಲ್ಲಿ ಸಮ ಚಿಹ್ನೆಗೆ ಉದ್ಧರಣ ಚಿಹ್ನೆ ತೊಡಿಸುತ್ತಿದ್ದರು, ಝೆಡ್‌ಗೆ ಮುಂಚೆ ಒಂದು ಸ್ಪೇಸ್ ಬಿಡುತ್ತಿದ್ದರು.