ಕಾಂಗೇಯಂ ಹುಲ್ಲುಗಾವಲಿನ ಜಮಾ-ಖರ್ಚು

ಗೋಶಾಲೆಗೆ ಮೇವಿನ ಚಂದಾ ಕೊಡುವುದು ನಮ್ಮ ವ್ಯಾಪಾರಿ ಮನೆತನಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಈಗ ಕಾಲೇಜಿಗೆ ಹೋಗುವ ಮಕ್ಕಳು, "ದನಗಳಿಂದ ಭೂಮಿ ಬಿಸಿಯಾಗುತ್ತದಂತೆ, ಅವುಗಳನ್ನು ಸಾಕಲು ಹಣ ಕೊಡುವುದು ಸರಿಯೇ?" ಎಂದು ಕೇಳುತ್ತಾರೆ. ಗದರಿಸಿ ಬಾಯಿ ಮುಚ್ಚಿಸುವ ಪ್ರಶ್ನೆ ಇದಲ್ಲ. ಖಾತೆ ತೆರೆದು ಜಮಾ, ಖರ್ಚು ಎರಡನ್ನೂ ನೋಡೋಣ.

ಮೊದಲು ಖರ್ಚು. ದನ ತಿಂದ ಹುಲ್ಲು ಅದರ ಹೊಟ್ಟೆಯಲ್ಲಿ ಹುಳಿತು ಜೀರ್ಣವಾಗುವಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಅದು ಹೆಚ್ಚಾಗಿ ತೇಗಿನಲ್ಲಿ ಹೊರಬರುತ್ತದೆ. ಹಾಲು ಕೊಡದ ನಮ್ಮ ದೇಶದ ದನವೊಂದಕ್ಕೆ ವರ್ಷಕ್ಕೆ 27 ಕಿಲೋ ಎಂದು 2006ರ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಹಿಡಿದಿದ್ದಾರೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಅಂದರೆ ಒಂದು ದನದ ವರ್ಷದ ತೇಗು, ಮುನ್ನೂರಕ್ಕೂ ಹೆಚ್ಚು ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಇದು ಸಣ್ಣ ಬಾಬತ್ತಲ್ಲ, ಮುಚ್ಚಿಡಬಾರದು.

ಇನ್ನು ಜಮಾ. ಬನಿಯನ್ ಖರೀದಿಗೆ ತಿರುಪ್ಪೂರಿಗೆ ಹೋಗುವ ನಮ್ಮವರು ಕಾಂಗೇಯಂ, ಧಾರಾಪುರಂ ಕಡೆಗೆ ಒಮ್ಮೆ ಹೋಗಿ ಬರಬೇಕು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಈರೋಡಿನಿಂದ ಬಂದು ಸೇರಿದ ತಾಲ್ಲೂಕುಗಳಿವು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ರೈತರು ತಮ್ಮ ಸ್ವಂತ ಹೊಲಗಳನ್ನೇ ಹುಲ್ಲುಗಾವಲಾಗಿ ಇಟ್ಟುಕೊಂಡಿದ್ದಾರೆ. ಇದಕ್ಕೆ ಕೊರಂಗಾಡು ಎಂದು ಹೆಸರು. ಸುತ್ತ ಕಿಳುವೈ ಎಂಬ ಮುಳ್ಳುಗಿಡದ ಜೀವಂತ ಬೇಲಿ, ಒಳಗೆ ಕೊಳುಕಟ್ಟೈ ಹುಲ್ಲು, ನಡುನಡುವೆ ಬಿಳಿಜಾಲಿ ಮರ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಜಾಲಿಯ ಕಾಯಿಯೇ ದನ, ಕುರಿಗಳಿಗೆ ಆಹಾರ. ಒಂದು ಹೊಲ ಮೇಯಿಸಿ, ಹುಲ್ಲು ಮತ್ತೆ ಚಿಗುರುವ ತನಕ ಇನ್ನೊಂದಕ್ಕೆ ಬಿಡುತ್ತಾರೆ. ಹೆಸರಾಂತ ಕಾಂಗೇಯಂ ತಳಿ ಬೆಳೆದುಬಂದದ್ದು ಇಂಥ ಹೊಲಗಳಲ್ಲೇ.

ವರ್ಷವರ್ಷವೂ ಉಳುಮೆ ಮಾಡದ ಈ ನೆಲದಲ್ಲಿ ಹುಲ್ಲಿನ ಬೇರು, ಮರ, ಮಣ್ಣು ಸೇರಿ ಇಂಗಾಲವನ್ನು ಹಿಡಿದಿಡುತ್ತವೆ. ಸೆಗಣಿ ಬಯಲಲ್ಲಿ ಒಣಗುವುದರಿಂದ, ನೀರುಗುಂಡಿಯಲ್ಲಿ ಕೊಳೆಯುವ ಸೆಗಣಿಯಷ್ಟು ಮೀಥೇನ್ ಬಿಡುವುದಿಲ್ಲ. ಮೇವು ಹೊರುವ ಲಾರಿಯ ಡೀಸೆಲ್ಲೂ ಉಳಿಯಿತು. ಆದರೆ ಮಿತಿಮೀರಿ ಮೇಯಿಸಿದರೆ ಈ ಜಮಾ ಕರಗುತ್ತದೆ. ಮಣ್ಣು ಇಂಗಾಲ ಹಿಡಿಯುವುದಕ್ಕೂ ಒಂದು ಮಿತಿಯುಂಟು, ತೇಗು ಮಾತ್ರ ಪ್ರತಿವರ್ಷದ್ದು. ಆದ್ದರಿಂದ ಖಾತೆ ಪೂರ್ತಿ ಚುಕ್ತಾ ಆಯಿತೆಂದು ಹೇಳಲಾಗದು.

ಹಾಗಾದರೆ ಕೊರಂಗಾಡು ಏಕೆ ಉಳಿಯಬೇಕು? ಟ್ರ್ಯಾಕ್ಟರು, ಪಂಪ್‌ಸೆಟ್ಟು ಬಂದು ಎತ್ತಿಗೆ ಕೆಲಸ ತಪ್ಪಿದೆ. ಕಾಂಗೇಯಂ ಹಸು ಹಾಲಿಗೆ ಹೆಸರಾದದ್ದಲ್ಲ. ಆದಾಯವಿಲ್ಲದ ರೈತ ಹೊಲವನ್ನು ಸೈಟು ಮಾಡಿ ಮಾರುತ್ತಾನೆ. ಮರ ಕಡಿದು ನೆಲ ಅಗೆದಾಗ ಎಷ್ಟೋ ವರ್ಷ ಕೂಡಿಟ್ಟ ಇಂಗಾಲ ಗಾಳಿ ಸೇರುತ್ತದೆ. ದನಗಳೋ, ಸಂತೆಗೆ ಹೋಗುತ್ತವೆ. ಪಕ್ಕದ ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ ಸಂತೆಯಿಂದ ಕೇರಳಕ್ಕೆ ಹೋಗುವ ಲಾರಿಗಳಲ್ಲಿ ದನಗಳಿಗೆ ಕಾದಿರುವುದೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲುಗಾವಲು ಹೋದರೆ ಹವೆಗೂ ನಷ್ಟ, ಜೀವಕ್ಕೂ ನಷ್ಟ.

ನಮ್ಮಿಂದ ಆಗುವ ಕೆಲಸವಿದೆ. ಚಂದಾ ಹಣವೆಲ್ಲ ಒಣಹುಲ್ಲಿನ ಲಾರಿಗೇ ಹೋಗದೆ, ಒಂದು ಪಾಲು ಮೇಯುವ ಹೊಲವನ್ನು ಗುತ್ತಿಗೆಗೆ ಹಿಡಿಯಲು, ಬೇಲಿ ಕಟ್ಟಲು, ಮರ ನೆಡಲು ಸಲ್ಲಲಿ. ನೆಲ ತಾಳುವಷ್ಟೇ ದನ ಬಿಡಲಿ. ಬರೀ ಒಣಹುಲ್ಲು ತಿಂದರೆ ಮೀಥೇನ್ ಹೆಚ್ಚು. ಜೊತೆಗೆ ಹಸಿಮೇವು, ಸೊಪ್ಪು ಇರಲಿ. ಗೋಶಾಲೆಯಲ್ಲಿ ಗುಡ್ಡೆ ಬೀಳುವ ಸೆಗಣಿಗೆ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದರೆ ಗಾಳಿಗೆ ಹೋಗುವ ಮೀಥೇನ್ ಅಡಿಗೆ ಒಲೆಯಲ್ಲಿ ಉರಿಯುತ್ತದೆ.

ಜೀವದಯೆಯಲ್ಲಿ ವಾಯುಕಾಯಿಕ, ಪೃಥ್ವೀಕಾಯಿಕ ಜೀವಗಳೂ ಸೇರಿವೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಈ ಸಲ ದಶಲಕ್ಷಣ ಪರ್ವದಲ್ಲಿ ಗೋಶಾಲೆಗೆ ಚಂದಾ ಬರೆಸುವಾಗ, ದನ ಎಲ್ಲಿ ಮೇಯುತ್ತದೆ, ಸೆಗಣಿ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಮಾತನ್ನೂ ವ್ಯವಸ್ಥಾಪಕರಲ್ಲಿ ವಿಚಾರಿಸೋಣ.