ಬೇಲೂರನ್ನು ದೊಡ್ಡದು ಮಾಡಿ ಕಳೆದುಕೊಂಡ ಆಟ

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ ದಾಟಿದರೆ ಬೇಲೂರು; ಅಲ್ಲಿಂದ ಸುಮಾರು 16 ಕಿಲೋಮೀಟರ್‌ಗೆ ಹಳೇಬೀಡು. ಕರಾವಳಿಯ ಶಾಲಾ ಪ್ರವಾಸಗಳಿಗೆ ಬಾಯಿಪಾಠವಾದ ಈ ಊರುಗಳ ಹೆಸರು 2017ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಪ್ಲೇಸ್ಟೇಷನ್ ಪರದೆಗಳ ಮೇಲೆ ಬಂತು. ನಾಟಿ ಡಾಗ್ ಸಂಸ್ಥೆಯ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯ ಕಥೆ ನಡೆಯುವುದು ಪಶ್ಚಿಮಘಟ್ಟದಲ್ಲಿ. ತಂದೆಯ ಕಡೆಯಿಂದ ಭಾರತೀಯಳಾದ ಕ್ಲೋಯಿ ಫ್ರೇಜರ್, ಜೊತೆಗಾತಿ ನಡೀನ್ ರಾಸ್ ಜತೆ ಹೊಯ್ಸಳರು ಬಚ್ಚಿಟ್ಟ ಗಣೇಶನ ದಂತ ಹುಡುಕುತ್ತಾಳೆ. ಬಂಡುಕೋರ ಅಸಾವ್ ಅದರ ಬೆನ್ನು ಹತ್ತಿದ್ದಾನೆ. ವಿಮರ್ಶಕರು ಆಟವನ್ನು ಹೊಗಳಿದರು. ಗುಂಡಿನ ಕಾಳಗ, ಹಗ್ಗದ ಜಿಗಿತ, ಕೆಸರಿನಲ್ಲಿ ಜೀಪು ಓಡಿಸುವ ವಿಶಾಲ ಬಯಲು ಇವೆಲ್ಲ ಹೊಗಳಿಕೆಗೆ ಅರ್ಹವೇ. ಉಂಬುಳ ಕಚ್ಚದ ಮಲೆನಾಡು ಎಂಬುದನ್ನು ಬೇಕಾದರೆ ಮನ್ನಿಸೋಣ. ಆದರೂ 2007ರಿಂದ ನಡೆದುಬಂದ ಸರಣಿಯಲ್ಲಿ ನಮ್ಮ ಬಾಗಿಲಿಗೇ ಬಂದ ಈ ಕಂತು ನಿರಾಸೆ ಹುಟ್ಟಿಸುತ್ತದೆ. ಬೆರಗನ್ನು ಎತ್ತರದಲ್ಲಿ ಅಳೆಯುವ ತನ್ನ ಹಳೆಯ ಚಾಳಿಯನ್ನು ಅದು ಹೊಯ್ಸಳರ ಮುಂದೆಯೂ ಬಿಡಲಿಲ್ಲ.

ಆಟದ ಹಳೇಬೀಡು, ಬೇಲೂರುಗಳಲ್ಲಿ ಬೆಟ್ಟದಷ್ಟು ದೊಡ್ಡ ಗಣೇಶ, ಶಿವನ ವಿಗ್ರಹಗಳಿವೆ. ನಾಯಕಿ ಅವುಗಳ ತೋಳು, ಹೆಗಲು ಹಿಡಿದು ಹತ್ತುತ್ತಾಳೆ. ನಿಜವಾದ ಬೇಲೂರು ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇಗುಲಗಳ ಗರ್ಭಗುಡಿಯ ಮೇಲೆ ಇಂದು ಶಿಖರವೇ ಇಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲ ನಕ್ಷತ್ರಾಕಾರದ ಜಗತಿಯ ಮೇಲೆ ತಗ್ಗಾಗಿ ಹರಡಿಕೊಂಡಿದೆ. ನೋಡುವವರು ಗೋಡೆಯ ಹತ್ತಿರ ಹೋಗಲೇಬೇಕು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಶಿಲ್ಪಿಗಳು ಅಕ್ಕಸಾಲಿಗರಂತೆ ಕೆಲಸ ಮಾಡಿದರು. ಹಳೇಬೀಡಿನ ಗೋಡೆಯ ಬುಡದಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ ಹೀಗೆ ಪಟ್ಟಿಕೆಗಳು ಸಾಗುತ್ತವೆ. ದಾಸೋಜ, ಮಲ್ಲಿತಮ್ಮರಂಥವರು ಕೆತ್ತನೆಯ ಕೆಳಗೆ ತಮ್ಮ ಹೆಸರನ್ನೂ ಬರೆದಿಟ್ಟರು. ನಿಧಿ ಹುಡುಕುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಬೇಕೇ? ಕ್ಲೋಯಿಯ ಕೈಯಲ್ಲಿ ಫೋನ್ ಇದೆ, ಅಲ್ಲಲ್ಲಿ ಫೋಟೊ ತೆಗೆಯಬಹುದು. ಅದೂ ತಿರುಗುವುದು ಹೆಚ್ಚಾಗಿ ದೂರದ ಕಣಿವೆಗಳ ಕಡೆಗೆ. ನೆರಳು ಬೆಳಕನ್ನು ಹೊಂದಿಸುವ ಒಂದು ಒಗಟಿನಲ್ಲಿ ಮಾತ್ರ ಆಟಗಾರ ನಿಂತು ಶಿಲ್ಪವನ್ನು ನೋಡುತ್ತಾನೆ. ಇಡೀ ಆಟದಲ್ಲಿ ಹೊಯ್ಸಳರ ಮನಸ್ಸಿಗೆ ಹತ್ತಿರವಾದ ಗಳಿಗೆ ಅದೇ.

ಇದು ಕಲ್ಪಿತ ಕಥೆ, ಪುರಾತತ್ವ ಇಲಾಖೆಯ ವರದಿಯಲ್ಲ ಎಂದು ಯಾರಾದರೂ ಹೇಳಬಹುದು. ಸರಣಿ ಎಲ್ಲ ಕಡೆಯೂ ಹೀಗೇ ಮಾಡಿದೆ, ನಮ್ಮೂರಿಗೆ ಮಾತ್ರ ಬೇರೆ ನ್ಯಾಯವೇಕೆ? ಏಕೆಂದರೆ ಎರಡನೇ ಆಟದ ಶಂಭಲ, ನಾಲ್ಕನೆಯದರ ಲಿಬರ್ಟೇಲಿಯಾ ದಂತಕಥೆಯ ಊರುಗಳು. ಅವುಗಳಿಗೆ ಯಾವ ಅಳತೆ ಕೊಟ್ಟರೂ ನಡೆಯುತ್ತದೆ. ಬೇಲೂರಿನಲ್ಲಿ ಬಸ್‌ಸ್ಟ್ಯಾಂಡ್ ಇದೆ, ಚೆನ್ನಕೇಶವನಿಗೆ ನಿತ್ಯಪೂಜೆ ಇದೆ. ಅದನ್ನು ಕಾಡು ನುಂಗಿದ ಪಾಳು ನಗರಿ ಮಾಡುವ ಸ್ವಾತಂತ್ರ್ಯ ಕಥೆಗಾರನಿಗೆ ಇರಲಿ, ಆದರೆ ಬಿಟ್ಟದ್ದಕ್ಕಿಂತ ಒಳ್ಳೆಯದನ್ನು ಆ ಜಾಗದಲ್ಲಿ ಇಡಬೇಕಲ್ಲ. ಇತಿಹಾಸದಲ್ಲೇ ಸಾಹಸಕ್ಕೆ ಬರವಿರಲಿಲ್ಲ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನ ದಾಳಿ; ಆಮೇಲೆ ಹೊಯ್ಸಳ ದೊರೆ ಮೂರನೇ ಬಲ್ಲಾಳ ದೋರಸಮುದ್ರದಿಂದ, ಅಂದರೆ ಇಂದಿನ ಹಳೇಬೀಡಿನಿಂದ, ತಿರುವಣ್ಣಾಮಲೆಯವರೆಗೆ ನೆಲೆ ಬದಲಿಸುತ್ತ ಹೋರಾಡಿ, ಕೊನೆಗೆ ಮಧುರೆಯ ಸುಲ್ತಾನನ ಕೈಯಲ್ಲಿ ಸತ್ತ. ಅವನ ರಾಣಿ ಚಿಕ್ಕಾಯಿ ತಾಯಿ ಆಳುಪ ರಾಜಮನೆತನದವಳು, ಕರಾವಳಿಯ ಬಾರಕೂರಿನಲ್ಲಿ ಆಳಿದವಳು. ಕೊಡಲಿಯಿಂದ ಗಣೇಶನ ದಂತ ಮುರಿದ ಪರಶುರಾಮನನ್ನು ಆಟ ಘಟ್ಟದ ಮೇಲೆ ತಂದು ನಿಲ್ಲಿಸುತ್ತದೆ, ಆದರೆ ಅದೇ ಕೊಡಲಿ ಎಸೆದು ಕಡಲಿನಿಂದ ಅವನು ಪಡೆದ ನೆಲವೆಂದು ನಂಬಲಾಗುವ ಘಟ್ಟದ ಕೆಳಗಿನ ಸೀಮೆಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಸೂಕ್ಷ್ಮ ಕೆತ್ತನೆ ಆ್ಯಕ್ಷನ್ ಆಟಕ್ಕೆ ಒಗ್ಗುವುದಿಲ್ಲ ಎಂಬ ಇನ್ನೊಂದು ವಾದವೂ ನಿಲ್ಲುವುದಿಲ್ಲ. ಯೂಬಿಸಾಫ್ಟ್‌ನ ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ 2014ರಲ್ಲಿ ದೋಷಗಳಿಂದಾಗಿ ನಗೆಪಾಟಲಾಯಿತು, ಆದರೆ ಅದರ ನೋತ್ರ್ ದಾಮ್ ಚರ್ಚನ್ನು ಇಂದಿಗೂ ಜನ ಸುತ್ತಿ ನೋಡುತ್ತಾರೆ. ಅದೇ ಸರಣಿಯ ‘ಒರಿಜಿನ್ಸ್’ 2018ರಲ್ಲಿ ಕಾಳಗವನ್ನೇ ತೆಗೆದುಹಾಕಿ, ಈಜಿಪ್ಟನ್ನು ನಡೆದು ನೋಡುವ ವ್ಯವಸ್ಥೆ ಕೊಟ್ಟಿತು. ಖರ್ಚು, ಸಮಯದ ಮಾತು ಬಂದರೆ, ‘ಲಾಸ್ಟ್ ಲೆಗಸಿ’ ಹುಟ್ಟಿದ್ದೇ ನಾಲ್ಕನೇ ಆಟದ ಜೊತೆಗಿನ ಪುಟ್ಟ ಸೇರ್ಪಡೆಯಾಗಿ; ಬೆಳೆದು ಸ್ವತಂತ್ರ ಆಟವಾಯಿತು. ಸರಣಿಯಲ್ಲಿ ಚಿಕ್ಕದಾಗಿರಲು ಇದಕ್ಕಿದ್ದಷ್ಟು ಅವಕಾಶ ಇನ್ನಾವುದಕ್ಕೂ ಇರಲಿಲ್ಲ. 2022ರಲ್ಲಿ ಪ್ಲೇಸ್ಟೇಷನ್ 5ಕ್ಕೂ ಕಂಪ್ಯೂಟರ್‌ಗೂ ಮರುಬಿಡುಗಡೆಯಾದಾಗ ಚಿತ್ರ ಇನ್ನಷ್ಟು ಚೂಪಾಯಿತು. ಚೂಪಾದದ್ದು ಅದೇ ದೈತ್ಯ ವಿಗ್ರಹಗಳು.